ದೌಲತ್ತು, ವತನು ಮತ್ತು ಲೇವಡಿ: ರೀಜೆನ್ಸಿ ಪ್ರಣಯಕಥನದ ಮರುಬರವಣಿಗೆಗಳು – ಕಲಬುರಗಿಯಿಂದ ಒಂದು ಓದು

‘ರೀಜೆನ್ಸಿ’ ಎಂಬ ಮಾತಿಗೆ ಇಂಗ್ಲೆಂಡಿನ ಇತಿಹಾಸದಲ್ಲಿ ಖಚಿತವಾದ ಕಾಲಮಿತಿಯಿದೆ. ಮೂರನೆಯ ಜಾರ್ಜ್ ದೊರೆಯು ಬುದ್ಧಿಭ್ರಮಣೆಯಿಂದ ರಾಜ್ಯಭಾರಕ್ಕೆ ಅಸಮರ್ಥನಾದಾಗ ಅವನ ಹಿರಿಯ ಮಗನು 1811ರ ಫೆಬ್ರವರಿ 6ರಂದು ತಂದೆಯ ಪರವಾಗಿ ಆಳುವ ಪ್ರತಿನಿಧಿಯಾಗಿ ಪ್ರಮಾಣವಚನ ಸ್ವೀಕರಿಸಿದನು. 1820ರ ಜನವರಿ 29ರಂದು ದೊರೆ ತೀರಿಕೊಂಡು ಮಗನೇ ನಾಲ್ಕನೆಯ ಜಾರ್ಜ್ ಎಂದು ಪಟ್ಟಕ್ಕೆ ಬರುವವರೆಗಿನ ಒಂಬತ್ತು ವರ್ಷಗಳು ರೀಜೆನ್ಸಿ ಕಾಲವೆನಿಸಿಕೊಂಡವು. ಕಾದಂಬರಿಯ ಲೋಕದಲ್ಲಿ ಮಾತ್ರ ಈ ಪದವು ಕಾಲಕ್ಕಿಂತ ಹೆಚ್ಚಾಗಿ ಒಂದು ವಾತಾವರಣವನ್ನು ಸೂಚಿಸುತ್ತದೆ. ಮೇಣದ ಬತ್ತಿಗಳು ಉರಿಯುವ ನೃತ್ಯಶಾಲೆ, ನಾಲ್ಕು ಕುದುರೆಯ ಸಾರೋಟು, ಗರ್ವಿಷ್ಠನಾದ ಸಿರಿವಂತ, ಬಾಯಿ ಚುರುಕಾದ ಆದರೆ ಕೈ ಬರಿದಾದ ಕನ್ಯೆ, ಇವರಿಬ್ಬರ ನಡುವಿನ ವಾಗ್ವಾದ, ಕಡೆಗೆ ಮದುವೆ. ಇಷ್ಟಿದ್ದರೆ ಓದುಗರು ಅದನ್ನು ರೀಜೆನ್ಸಿ ಪ್ರಣಯಕಥೆ ಎಂದು ಗುರುತಿಸುತ್ತಾರೆ.

ಕನ್ನಡ ನಾಡಿಗೆ ಪ್ರತಿನಿಧಿ ಆಳ್ವಿಕೆಯು ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟದಲ್ಲಿ ಕೂರಿಸಿ, ದಿವಾನ್ ಪೂರ್ಣಯ್ಯನವರು 1810-11ರವರೆಗೆ ರಾಜ್ಯವನ್ನು ನಡೆಸಿದರು. ಮೈಸೂರಿನ ಪ್ರತಿನಿಧಿ ಆಳ್ವಿಕೆ ಮುಗಿದ ಹೊತ್ತಿಗೆ ಲಂಡನ್ನಿನದು ಆರಂಭವಾಯಿತು. ನಮ್ಮ ಈ ಭಾಗಕ್ಕೆ ಬಂದರೆ, 2009ರ ಕೊನೆಯವರೆಗೂ ಗುಲಬರ್ಗಾ ಜಿಲ್ಲೆಗೆ ಸೇರಿದ್ದು ಈಗ ಯಾದಗಿರಿ ಜಿಲ್ಲೆಯಲ್ಲಿರುವ ಸುರಪುರದಲ್ಲಿ 1841ರ ಬಳಿಕ ಇಂಥದೇ ಒಂದು ವ್ಯವಸ್ಥೆ ಹನ್ನೊಂದು ಹನ್ನೆರಡು ವರ್ಷ ನಡೆಯಿತು. ಅದನ್ನು ನಡೆಸಿದವನು ಸ್ವತಃ ಪ್ರಣಯ ಕಾದಂಬರಿಗಳ ಕರ್ತೃವಾಗಿದ್ದನು. ಆ ವಿಷಯಕ್ಕೆ ಮುಂದೆ ಬರುತ್ತೇನೆ. ರೀಜೆನ್ಸಿ ಪ್ರಣಯಕಥೆಯನ್ನು ಈಚಿನ ನಾಲ್ಕು ದಶಕಗಳಲ್ಲಿ ಗೇಲಿ, ಲೇವಡಿ, ತಲೆಕೆಳಗು ಮಾಡುವಿಕೆಗಳ ಮೂಲಕ ಮರಳಿ ಬರೆದವರು ಏನನ್ನು ನಕ್ಕು ಕೆಡವಿದ್ದಾರೆ, ಏನನ್ನು ನಗದೆ ಬಿಟ್ಟಿದ್ದಾರೆ ಎಂಬುದನ್ನು ಕಲಬುರಗಿಯಲ್ಲಿ ಕುಳಿತ ಓದುಗನೊಬ್ಬನ ಕಣ್ಣಿನಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಜೇನ್ ಆಸ್ಟಿನ್ ಬರೆದದ್ದು ರೀಜೆನ್ಸಿ ಪ್ರಣಯಕಥೆಯಲ್ಲ. ಆಕೆ ಬರೆದದ್ದು ತನ್ನ ಕಾಲದ ಸಮಕಾಲೀನ ಕಾದಂಬರಿ. ಐತಿಹಾಸಿಕ ವೇಷಭೂಷಣದ ಈ ಪ್ರಕಾರವನ್ನು ಕಟ್ಟಿಕೊಟ್ಟವರು ಇಪ್ಪತ್ತನೆಯ ಶತಮಾನದ ಜಾರ್ಜೆಟ್ ಹೇಯರ್ (1902-1974). ಅವರ ‘ರೀಜೆನ್ಸಿ ಬಕ್’ 1935ರಲ್ಲಿ ಹೊರಬಂದಿತು. ಕುದುರೆ ಲಾಯದ ಮಾತು, ಕಂಠವಸ್ತ್ರದ ಗಂಟು, ಜೂಜುಕಟ್ಟೆಯ ಪರಿಭಾಷೆ, ಎಲ್ಲವನ್ನೂ ಹೇಯರ್ ಪಾಂಡಿತ್ಯದಿಂದ ಹೆಕ್ಕಿ ತಂದರು. ಬಳಿಕ ಬಂದ ನೂರಾರು ಲೇಖಕಿಯರು ಚರಿತ್ರೆಯನ್ನು ಓದುವ ಬದಲು ಹೇಯರರನ್ನು ಓದಿ ಬರೆದರು. ಹಾಗಾಗಿ ಇಂದು ಲೇವಡಿಗೆ ಗುರಿಯಾಗುತ್ತಿರುವ ‘ರೀಜೆನ್ಸಿ’ಯು ಬಹುಪಾಲು 1811ರದಲ್ಲ, 1935ರದು.

ಆಸ್ಟಿನ್ನರಾದರೋ ತಾವೇ ದೊಡ್ಡ ಲೇವಡಿಗಾರ್ತಿ. ಹದಿನಾಲ್ಕರ ಹರೆಯದಲ್ಲಿಯೇ, 1790ರಲ್ಲಿ, ಮೂರ್ಛೆ ಹೋಗುವ ನಾಯಕಿಯರನ್ನು ಗೇಲಿ ಮಾಡುವ ಕಥೆಯೊಂದನ್ನು ಬರೆದು ಮನೆಯವರನ್ನು ನಗಿಸಿದ್ದರು. 1817ರ ಡಿಸೆಂಬರಿನಲ್ಲಿ, ಅವರ ಮರಣಾನಂತರ ಪ್ರಕಟವಾದ ‘ನಾರ್ಥ್ಯಾಂಗರ್ ಅಬ್ಬೆ’ಯಲ್ಲಿ ಭಯಾನಕ ಕಾದಂಬರಿಗಳನ್ನು ಓದಿ ತಲೆ ತುಂಬಿಕೊಂಡ ಕ್ಯಾಥರೀನ್ ಎಂಬ ಹುಡುಗಿಯು ಬಿರುಗಾಳಿಯ ರಾತ್ರಿ ಹಳೆಯ ಕಪ್ಪು ಬೀರುವೊಂದನ್ನು ತೆರೆದು ಕೈಬರಹದ ಸುರುಳಿಯೊಂದನ್ನು ಹೊರತೆಗೆಯುತ್ತಾಳೆ. ಬೆಳಗಾದ ಮೇಲೆ ನೋಡಿದರೆ ಅದು ಅಗಸರ ಲೆಕ್ಕದ ಚೀಟಿ. 1815ರ ಕೊನೆಯಲ್ಲಿ ‘ಎಮ್ಮಾ’ ಕಾದಂಬರಿಯನ್ನು ಆಳುವ ರಾಜಕುಮಾರನಿಗೆ ಅರ್ಪಿಸುವ ಸಂದರ್ಭ ಬಂದಾಗ ಅವನ ಗ್ರಂಥಪಾಲಕನು ರಾಜಮನೆತನವೊಂದರ ಬಗೆಗೆ ಐತಿಹಾಸಿಕ ಪ್ರಣಯಕಥೆ ಬರೆಯಬಾರದೇ ಎಂದು ಸೂಚಿಸಿದ್ದನು. ಆಸ್ಟಿನ್ ವಿನಯದಿಂದ ಒಲ್ಲೆನೆಂದರು; ಅಂಥದನ್ನು ಗಂಭೀರವಾಗಿ ಬರೆಯಲು ತಮ್ಮಿಂದಾಗದು ಎಂಬುದೇ ಅವರ ಉತ್ತರದ ತಿರುಳು. ಈಗಿನವರ ಲೇವಡಿಯನ್ನು ಆಸ್ಟಿನ್ನರಿಗೆ ಮಾಡಿದ ಅಪಚಾರವೆಂದು ಬಗೆಯುವ ಅಧ್ಯಾಪಕರು ಈ ಸಂಗತಿಯನ್ನು ನೆನೆಯುವುದು ಒಳ್ಳೆಯದು.

ಪ್ರಣಯದ ಪರದೆಯನ್ನು ಸರಿಸಿದರೆ ಈ ಕಥೆಗಳೆಲ್ಲದರ ಹಿಂದೆ ಇರುವುದು ಆಸ್ತಿಯ ಪ್ರಶ್ನೆ. 1813ರ ‘ಪ್ರೈಡ್ ಅಂಡ್ ಪ್ರಿಜುಡೀಸ್’ನಲ್ಲಿ ಬೆನೆಟ್ ದಂಪತಿಗಳಿಗೆ ಐವರು ಹೆಣ್ಣುಮಕ್ಕಳು. ವರ್ಷಕ್ಕೆ 2,000 ಪೌಂಡ್ ಹುಟ್ಟುವಳಿಯ ಲಾಂಗ್‌ಬೋರ್ನ್ ಎಂಬ ಹೊಲಮನೆಯು ಗಂಡು ವಾರಸುದಾರನಿಗೇ ಸಲ್ಲಬೇಕೆಂಬ ಕರಾರಿಗೆ ಕಟ್ಟುಬಿದ್ದಿದೆ. ಆದುದರಿಂದ ಬೆನೆಟ್ ಕಣ್ಣು ಮುಚ್ಚಿದ ದಿನ ಮನೆಯು ಕಾಲಿನ್ಸ್ ಎಂಬ ದೂರದ ದಾಯಾದಿಯ ಪಾಲಾಗುತ್ತದೆ; ತಾಯಿ ಮಕ್ಕಳು ಬೀದಿಗೆ ಬರುತ್ತಾರೆ. ವತನು, ಇನಾಮು, ಜಹಾಗೀರುಗಳ ನೆನಪು ಇನ್ನೂ ಆರದ ನಮ್ಮ ಭಾಗದ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಜಹಾಗೀರುಗಳು ರದ್ದಾದದ್ದೇ 1949ರಲ್ಲಿ.

ಇಲ್ಲೊಂದು ಕುತೂಹಲದ ಹೋಲಿಕೆಯಿದೆ. ಹಿಂದೂ ದಾಯಭಾಗದ ನಿಯಮಗಳನ್ನು ಭಾರತದ ಬಹುಭಾಗಕ್ಕೆ ರೂಪಿಸಿಕೊಟ್ಟ ‘ಮಿತಾಕ್ಷರಾ’ವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಕಾಲದವನು, ಕಲಬುರಗಿ ಜಿಲ್ಲೆಯ ಮರ್ತೂರಿನೊಡನೆ ಅವನ ಹೆಸರು ಬೆಸೆದುಕೊಂಡಿದೆ. ಅಣ್ಣತಮ್ಮಂದಿರಿಂದ ಪಾಲು ಪಡೆದು ಬೇರೆಯಾದವನು ಗಂಡುಮಕ್ಕಳಿಲ್ಲದೆ ಸತ್ತರೆ ಅವನ ಆಸ್ತಿ ಮೊದಲು ಪತ್ನಿಗೆ, ಆಕೆಯ ತರುವಾಯ ಹೆಣ್ಣುಮಕ್ಕಳಿಗೆ ಸಲ್ಲಬೇಕೆಂಬುದು ವಿಜ್ಞಾನೇಶ್ವರನ ನಿರ್ಣಯ. ದಾಯಾದಿಯ ಸರದಿ ಬರುವುದು ಅವರೆಲ್ಲರ ಬಳಿಕ. ಲಾಂಗ್‌ಬೋರ್ನ್ ಮರ್ತೂರಿನ ಮಗ್ಗುಲಲ್ಲಿದ್ದು, ಬೆನೆಟ್ಟನು ವಿಭಕ್ತ ಕುಟುಂಬದವನಾಗಿದ್ದಿದ್ದರೆ, ಕಾಲಿನ್ಸನು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತಿತ್ತು. ಕಾದಂಬರಿಯ ಕಥೆಯೇ ಹುಟ್ಟುತ್ತಿರಲಿಲ್ಲ. ಹಾಗೆಂದು ನಾವು ಬೀಗುವ ಕಾರಣವಿಲ್ಲ. ಕುಟುಂಬವು ಅವಿಭಕ್ತವಾಗಿದ್ದರೆ ಅದೇ ಮಿತಾಕ್ಷರಾ ಗಂಡು ದಾಯಾದಿಯ ಕೈಗೆ ಎಲ್ಲವನ್ನೂ ಒಪ್ಪಿಸಿ ಹೆಂಗಸರಿಗೆ ಅನ್ನವಸ್ತ್ರದ ಹಕ್ಕನ್ನಷ್ಟೇ ಉಳಿಸುತ್ತಿತ್ತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳು ಹುಟ್ಟಿನಿಂದಲೇ ಪಾಲುದಾರರೆಂದು ಕರ್ನಾಟಕವು 1994ರಲ್ಲಿ ಅವಿವಾಹಿತೆಯರ ಮಟ್ಟಿಗೂ, ದೇಶವು 2005ರಲ್ಲಿ ಎಲ್ಲರಿಗೂ ಅನ್ವಯಿಸುವಂತೆ ಕಾನೂನು ಮಾಡಿತು. ಹಕ್ಕುಬಿಡುಗಡೆಯ ಪತ್ರಕ್ಕೆ ಸಹಿ ಹಾಕಿಸಲು ಅಕ್ಕತಂಗಿಯರನ್ನು ನೋಂದಣಿ ಕಚೇರಿಗೆ ಕರೆತರುವ ದೃಶ್ಯವನ್ನು ಕಂಡವರಿಗೆ ಬೆನೆಟ್ ಮನೆಯ ಕಳವಳವು ಪರದೇಶದ್ದೆನಿಸದು.

ಡಾರ್ಸಿಯ ‘ಪ್ರೈಡ್’ ಎಂಬುದಕ್ಕೆ ಗರ್ವ, ಅಹಂಕಾರ, ಬಿಗುಮಾನ ಮೊದಲಾದ ಪದಗಳನ್ನು ನಾವು ಪಾಠ ಹೇಳುವಾಗ ಬಳಸುತ್ತೇವೆ. ನಾನು ವಾಸಿಸುವ ಖೂಬಾ ಪ್ಲಾಟಿನ ನಮ್ಮ ಓಣಿಯ ಹಿರಿಯ ಹೆಂಗಸೊಬ್ಬರು, ಮೊಮ್ಮಗಳ ಜತೆ ಕುಳಿತು ಆ ಕಥೆಯ ಚಲನಚಿತ್ರ ನೋಡುತ್ತಿದ್ದವರು, ನೃತ್ಯಕ್ಕೆ ಒಲ್ಲೆನೆಂದು ಗೋಡೆಗೆ ಒರಗಿ ನಿಂತ ಡಾರ್ಸಿಯನ್ನು ಕಂಡು “ಏನ್ ದೌಲತ್ತ ಅದನವಾ ಇವಂದು!” ಎಂದರು. ಅರಬ್ಬಿ ಮೂಲದ ಈ ಪದಕ್ಕೆ ಸಂಪತ್ತು, ರಾಜ್ಯಾಧಿಕಾರ ಎಂಬ ಅರ್ಥಗಳಿವೆ. ಕನ್ನಡದ ಬಾಯಲ್ಲಿ ಅದು ದರ್ಪವೆಂಬ ಅರ್ಥವನ್ನೂ ಪಡೆಯಿತು. ವರ್ಷಕ್ಕೆ 10,000 ಪೌಂಡ್ ವರಮಾನವೂ ಅದರಿಂದ ಬಂದ ಸೆಟೆತವೂ ಬೇರೆ ಬೇರೆಯಲ್ಲ, ಒಂದೇ ಎಂದು ತಿಳಿಸುವ ಪದ ಇಂಗ್ಲಿಷಿನಲ್ಲಿಲ್ಲ. ವಿಮರ್ಶಕರು ಪುಟಗಟ್ಟಲೆ ವಿವರಿಸುವುದನ್ನು ಕಲಬುರಗಿಯ ಆಡುಮಾತು ಒಂದು ಪದದಲ್ಲಿ ಹಿಡಿದಿಟ್ಟಿದೆ.

ಲೇವಡಿಯ ಆಧುನಿಕ ಪರಂಪರೆಗೆ ಥ್ಯಾಕರೆಯನ್ನು ಮೂಲಪುರುಷನೆನ್ನಬಹುದು. 1811ರಲ್ಲಿ, ರೀಜೆನ್ಸಿ ಆರಂಭವಾದ ವರ್ಷವೇ, ಕಲ್ಕತ್ತೆಯಲ್ಲಿ ಜನಿಸಿದ ಆತನು ‘ವ್ಯಾನಿಟಿ ಫೇರ್’ನಲ್ಲಿ (1847-48) ನಾಯಕನೇ ಇಲ್ಲದ ರೀಜೆನ್ಸಿಯನ್ನು ಚಿತ್ರಿಸಿದನು. ಅದರಲ್ಲಿ ಬರುವ, ಇಂಡಿಯಾದಲ್ಲಿ ಕಲೆಕ್ಟರನಾಗಿ ದುಡ್ಡು ಗಂಟು ಕಟ್ಟಿಕೊಂಡು ಬಂದ ಸ್ಥೂಲಕಾಯದ ಜಾಸ್ ಸೆಡ್ಲಿಯು ನಮ್ಮವರ ಬೆವರನ್ನು ತಿಂದು ಕೊಬ್ಬಿದವನೆಂಬುದು ಥ್ಯಾಕರೆಗೆ ತಿಳಿದಿತ್ತು. ಅವನ ನಂತರ ಬಹುಕಾಲ ಈ ದಿಕ್ಕಿನಲ್ಲಿ ನಗುವವರು ಕಡಿಮೆಯಾದರು. 1987ರಲ್ಲಿ ಬಿಬಿಸಿ ದೂರದರ್ಶನದ ‘ಬ್ಲ್ಯಾಕ್‌ಆ್ಯಡರ್’ ಸರಣಿಯ ಮೂರನೆಯ ಭಾಗವು ಆಳುವ ರಾಜಕುಮಾರನನ್ನೇ ಪೆದ್ದನನ್ನಾಗಿಯೂ ಅವನ ಬಟ್ಲರನನ್ನು ಬುದ್ಧಿವಂತನನ್ನಾಗಿಯೂ ಮಾಡಿ ನಗಿಸಿತು. ರಾಜ ಮತ್ತು ವಿದೂಷಕರ ಜೋಡಿಯನ್ನು ಸಣ್ಣಾಟಗಳಲ್ಲಿ ಕಂಡು ಬೆಳೆದ ನಮಗೆ ಇದರ ತಂತ್ರ ಹೊಸದೆನಿಸಲಾರದು.

2009ರಲ್ಲಿ ಸೇಥ್ ಗ್ರಹಾಮ್-ಸ್ಮಿತ್ ಎಂಬ ಅಮೆರಿಕನ್ ಲೇಖಕನು ‘ಪ್ರೈಡ್ ಅಂಡ್ ಪ್ರಿಜುಡೀಸ್ ಅಂಡ್ ಜಾಂಬೀಸ್’ ಎಂಬ ಕೃತಿಯನ್ನು ಹೊರತಂದನು. ಆಸ್ಟಿನ್ನರ ವಾಕ್ಯಗಳನ್ನೇ ಬಹುಪಾಲು ಉಳಿಸಿಕೊಂಡು, ನಡುನಡುವೆ ನಡೆದಾಡುವ ಹೆಣಗಳ ಕಾಳಗವನ್ನು ತುರುಕಿದ ಪುಸ್ತಕವಿದು. ಮುಖಪುಟದಲ್ಲಿ ಇಬ್ಬರೂ ಜಂಟಿ ಲೇಖಕರು. ಬೆನೆಟ್ ಸೋದರಿಯರು ಇಲ್ಲಿ ಚೀನಾದಲ್ಲಿ ಯುದ್ಧವಿದ್ಯೆ ಕಲಿತ ಕತ್ತಿಯಾಳುಗಳು. ಒಂದು ವಿಷಯದಲ್ಲಿ ಈ ಹುಡುಗಾಟವು ಚುರುಕಾಗಿದೆ: ಮೂಲದಲ್ಲಿ ಮೆರಿಟನ್ ಊರಿನಲ್ಲಿ ಸೈನ್ಯವೇಕೆ ಬೀಡುಬಿಟ್ಟಿದೆಯೆಂದು ಆಸ್ಟಿನ್ ವಿವರಿಸಲು ಹೋಗುವುದಿಲ್ಲ, ಫ್ರಾನ್ಸಿನೊಡನೆ ನಡೆಯುತ್ತಿದ್ದ ಯುದ್ಧವು ಆಗಿನ ಓದುಗರಿಗೆಲ್ಲ ಗೊತ್ತಿದ್ದುದೇ. ಗ್ರಹಾಮ್-ಸ್ಮಿತ್ ಆ ಮೌನದೊಳಕ್ಕೆ ಹೆಣಗಳನ್ನು ನುಗ್ಗಿಸುತ್ತಾನೆ. ಆದರೆ ಐವತ್ತು ಪುಟ ದಾಟಿದ ಮೇಲೆ ತಮಾಷೆ ಹಳಸುತ್ತದೆ. ಮದುವೆಯ ಮಾರುಕಟ್ಟೆ, ಆಸ್ತಿಯ ಕರಾರು, ಡಾರ್ಸಿಯ ದೌಲತ್ತು ಎಲ್ಲವೂ ಕದಲದೆ ಹಾಗೆಯೇ ನಿಂತಿರುತ್ತವೆ. ಇದೇ ಬಗೆಯ ಅನುಕರಣೆಗಳು ಆ ವರ್ಷವೇ ಬಂದವು; ಅವುಗಳನ್ನು ಇಲ್ಲಿ ಚರ್ಚಿಸುವ ಅಗತ್ಯವಿಲ್ಲ.

ಇದಕ್ಕೆ ಹೋಲಿಸಿದರೆ ಜೋ ಬೇಕರ್ ಅವರ ‘ಲಾಂಗ್‌ಬೋರ್ನ್’ (2013) ನಗಿಸುವುದು ಕಡಿಮೆ, ಕದಲಿಸುವುದು ಹೆಚ್ಚು. ಬೆನೆಟ್ ಮನೆಯ ಅಡುಗೆಮನೆ ಮತ್ತು ಬಟ್ಟೆ ಒಗೆಯುವ ಕೋಣೆಯಿಂದ ಅದೇ ಕಥೆಯನ್ನು ನೋಡುವ ಕಾದಂಬರಿಯಿದು. ಮೂಲದಲ್ಲಿ ಎಲಿಜಬೆತ್ ಮೂರು ಮೈಲಿ ನಡೆದು, ಕೆಸರಾದ ಲಂಗದಲ್ಲಿ ಅಕ್ಕನನ್ನು ನೋಡಲು ಹೋಗುವುದು ಅವಳ ಸ್ವತಂತ್ರ ಮನೋಧರ್ಮದ ಕುರುಹೆಂದು ನಾವು ತರಗತಿಗಳಲ್ಲಿ ಹೊಗಳುತ್ತ ಬಂದಿದ್ದೇವೆ. ಬೇಕರರ ಸಾರಾ ಎಂಬ ಕೆಲಸದ ಹುಡುಗಿಗೆ ಆ ಸ್ವಾತಂತ್ರ್ಯವು ಚಳಿಗೆ ಒಡೆದ ಕೈಗಳಿಂದ ಉಜ್ಜಿ ತೆಗೆಯಬೇಕಾದ ಕೆಸರಾಗಿ ಕಾಣುತ್ತದೆ. ಆಸ್ಟಿನ್ನರ ಬೀರುವಿನಲ್ಲಿ ನಗೆಯ ವಸ್ತುವಾಗಿದ್ದ ಅಗಸರ ಚೀಟಿ ಇಲ್ಲಿ ಕಥೆಯ ಹೂರಣವೇ ಆಗಿಬಿಟ್ಟಿದೆ. ಬಿಂಗ್ಲಿ ಮನೆತನದ ಹಣವು ಗುಲಾಮರ ದುಡಿಮೆಯ ಸಕ್ಕರೆಯಿಂದ ಬಂದುದೆಂಬುದನ್ನೂ ಬೇಕರ್ ತೆರೆದಿಡುತ್ತಾರೆ. ಬಟ್ಟೆ ಮಡಿ ಮಾಡುವ ಕಾಯಕದ ಮಾಚಿದೇವನನ್ನು ಕಲ್ಯಾಣದ ಶರಣರ ಮೊದಲ ಸಾಲಿನಲ್ಲಿ ಕೂರಿಸಿದ ನಾಡಿನವರಿಗೆ ಒಗೆಯುವವಳ ಕಣ್ಣಿನಿಂದ ಅರಮನೆಯನ್ನು ನೋಡುವುದು ವಿಚಿತ್ರವೆನಿಸಬಾರದು. ಆದರೂ ನಮ್ಮ ಸಾಮಾಜಿಕ ಕಾದಂಬರಿಗಳ ನಾಯಕಿಯರು ಸೀರೆ ಬದಲಿಸುವಾಗಲೆಲ್ಲ ಆ ಸೀರೆಯನ್ನು ಒಗೆದವರಾರು ಎಂದು ಎಷ್ಟು ಸಲ ಕೇಳಿದ್ದೇವೆ?

ಈಗ ಎಲ್ಲರ ಬಾಯಲ್ಲಿರುವ ‘ಬ್ರಿಜರ್ಟನ್’ನತ್ತ ಬರೋಣ. ಜೂಲಿಯಾ ಕ್ವಿನ್ ಎಂಬ ಅಮೆರಿಕನ್ ಲೇಖಕಿ 2000ದಿಂದ ಬರೆದ ಎಂಟು ಕಾದಂಬರಿಗಳನ್ನು ಆಧರಿಸಿ ನೆಟ್‌ಫ್ಲಿಕ್ಸ್ ಸಂಸ್ಥೆಯು 2020ರ ಡಿಸೆಂಬರ್ 25ರಂದು ಈ ಸರಣಿಯನ್ನು ಆರಂಭಿಸಿತು. ಕಪ್ಪುವರ್ಣದ ರಾಣಿ, ಕಪ್ಪುವರ್ಣದ ಡ್ಯೂಕ್, ತಂತಿವಾದ್ಯಗಳಲ್ಲಿ ನುಡಿಸಿದ ಇಂದಿನ ಜನಪ್ರಿಯ ಗೀತೆಗಳು, ಗುಟ್ಟಾಗಿ ಅಚ್ಚಾಗುವ ಚಾಡಿಪತ್ರಿಕೆ, ಇವು ಅದರ ಉದ್ಧಟತನದ ಲಕ್ಷಣಗಳು. 2022ರ ಮಾರ್ಚ್ 25ರಂದು ಬಂದ ಎರಡನೆಯ ಭಾಗದಲ್ಲಿ, ಮೂಲ ಕಾದಂಬರಿಯ ಕೇಟ್ ಶೆಫೀಲ್ಡ್ ಎಂಬ ಇಂಗ್ಲಿಷ್ ನಾಯಕಿಯನ್ನು ಕೇಟ್ ಶರ್ಮಾ ಆಗಿ ಮಾರ್ಪಡಿಸಲಾಯಿತು. ಮುಂಬಯಿಯಿಂದ 1814ರ ಲಂಡನ್ನಿಗೆ ಬಂದಿಳಿದ ಈ ಕಡು ಮೈಬಣ್ಣದ ಹೆಣ್ಣು ಇಂಗ್ಲಿಷರ ಚಹಾವನ್ನು ಹಳಿದು ಏಲಕ್ಕಿ ಕುಟ್ಟಿ ಹಾಕಿಕೊಳ್ಳುತ್ತಾಳೆ. ತಂಗಿಯ ಮದುವೆಗೆ ಅರಿಸಿನ ಹಚ್ಚುತ್ತಾಳೆ. ಬಹುಕಾಲ ಬಹುಪಾಲು ಬಿಳಿಯರದೇ ಆಗಿದ್ದ ಈ ಪ್ರಕಾರದೊಳಕ್ಕೆ ನಮ್ಮ ಮೈಬಣ್ಣದವಳೊಬ್ಬಳು ಪರಿಚಾರಿಕೆಯಾಗಿಯಲ್ಲದೆ ನಾಯಕಿಯಾಗಿ ಹೆಜ್ಜೆಯಿಟ್ಟದ್ದು ಸಣ್ಣ ಸಂಗತಿಯಲ್ಲ. ಅದನ್ನು ನೋಡಿ ನಮ್ಮ ಹೆಣ್ಣುಮಕ್ಕಳು ಸಂತೋಷಪಟ್ಟುದನ್ನು ನಾನು ಕಂಡಿದ್ದೇನೆ.

ಆದರೆ ಈ ಶರ್ಮಾ ಸೋದರಿಯರ ಮನೆಮಾತು ಯಾವುದು? ಅವರು ತಂದೆಯನ್ನು ‘ಅಪ್ಪಾ’ ಎನ್ನುತ್ತಾರೆ. ಅಕ್ಕನನ್ನು ಹಿಂದಿಯವರಂತೆ ‘ದೀದಿ’ ಎಂದೂ, ತಂಗಿಯನ್ನು ಬಂಗಾಳಿಗಳಂತೆ ‘ಬೋನ್’ ಎಂದೂ ಕರೆಯುತ್ತಾರೆ. ಮರಾಠಿ, ಹಿಂದೂಸ್ತಾನಿಗಳನ್ನು ಕಲಿತವರೆಂದು ಹೇಳಲಾಗುತ್ತದೆ. ಸಂಬಂಧವಾಚಕಗಳಲ್ಲಿ ಊರು, ಜಾತಿ, ಸೀಮೆ ಎಲ್ಲವನ್ನೂ ಗುರುತಿಸಬಲ್ಲ ನಮಗೆ ಇದು ಕಲಸುಮೇಲೋಗರವಾಗಿ ತೋರುತ್ತದೆ. ಇದಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. 1814ರಲ್ಲಿ ಮುಂಬಯಿಯಿಂದ ಲಂಡನ್ನಿಗೆ ಹೋದ ಹಡಗುಗಳಲ್ಲಿ ಏನಿತ್ತು, ಆ ನೃತ್ಯಶಾಲೆಯ ಮೇಣದ ಬತ್ತಿಗೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಸರಣಿಯು ಎತ್ತಿಕೊಳ್ಳುವುದಿಲ್ಲ. ಬಣ್ಣದ ಭೇದವನ್ನು ಅಳಿಸುವ ಭರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕವೂ ಅಳಿಸಿಹೋಗಿದೆ. ಈ ದೃಷ್ಟಿಯಿಂದ ಆಸ್ಟಿನ್ನರೇ ಹೆಚ್ಚು ನಿಷ್ಠುರರು. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ (1814) ಲೇಡಿ ಬರ್ಟ್ರಮ್‌ಗೆ ಇಂಡಿಯಾ ಎಂದರೆ ಸಂಬಂಧಿಕ ಹುಡುಗನು ನೌಕಾದಳದಿಂದ ಅಲ್ಲಿಗೆ ಹೋದರೆ ತಾನು ತರಿಸಿಕೊಳ್ಳಬಹುದಾದ ಶಾಲು, ಸಾಧ್ಯವಾದರೆ ಎರಡು ಶಾಲು. ಸೋಫಾದಿಂದ ಮೇಲೇಳದ ಆ ಹೆಂಗಸಿನ ಒಂದು ಬಯಕೆಯಲ್ಲಿ ಸಾಮ್ರಾಜ್ಯವೇ ಅಡಗಿದೆ. ಆಸ್ಟಿನ್ ಅದನ್ನು ನಗುತ್ತಲೇ ತೋರಿಸುತ್ತಾರೆ.

ಹೇಯರ್ ಮತ್ತು ಅವರ ಅನುಯಾಯಿಗಳ ಕಥೆಗಳಲ್ಲಿ ವೆಲ್ಲಿಂಗ್ಟನ್ನನು ಕುಲೀನ ಸ್ತ್ರೀಯರ ನಡುವೆ ಸಂಚರಿಸುವ ವೀರ. ಹೇಯರರ ‘ಆನ್ ಇನ್‌ಫೇಮಸ್ ಆರ್ಮಿ’ (1937) ವಾಟರ್ಲೂ ಕಾಳಗವನ್ನೇ ವಸ್ತುವಾಗಿಸಿಕೊಂಡಿದೆ. ಕನ್ನಡಿಗರಿಗೆ ಅವನು ಪರಿಚಿತನಾದದ್ದು ಅದಕ್ಕೂ ಮೊದಲು, ಕರ್ನಲ್ ಆರ್ಥರ್ ವೆಲ್ಲೆಸ್ಲಿಯಾಗಿ. ಶ್ರೀರಂಗಪಟ್ಟಣದ ಲೂಟಿಯ ಹಂಚಿಕೆಯಲ್ಲಿ ಅವನ ಪಾಲಿಗೆ ಸುಮಾರು 4,000 ಪೌಂಡ್ ಬಂದಿತು. ಆಸ್ಟಿನ್ನರ ಬಿಂಗ್ಲಿ ಎಂಬ ಸಿರಿವಂತ ವರನ ಒಂದು ವರ್ಷದ ವರಮಾನಕ್ಕೆ ಅದು ಹೆಚ್ಚುಕಡಿಮೆ ಸಮ. ಮರುವರ್ಷ ಚನ್ನಗಿರಿ ಮೂಲದ ಧೋಂಡಿಯಾ ವಾಘನನ್ನು ತಿಂಗಳುಗಟ್ಟಲೆ ಬೆನ್ನಟ್ಟಿ 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ ಬಳಿ ಕೊಂದವನೂ ಇವನೇ. ಸತ್ತವನ ಎಳೆಯ ಮಗ ಸಲಾಬತ್ ಖಾನನ ಪೋಷಣೆಗೆ ಏರ್ಪಾಡು ಮಾಡಿದನೆಂಬುದನ್ನು ಅವನ ಜೀವನಚರಿತ್ರೆಕಾರರು ಉದಾರತೆಗೆ ನಿದರ್ಶನವಾಗಿ ಉಲ್ಲೇಖಿಸುತ್ತಾರೆ. ರೀಜೆನ್ಸಿ ಪ್ರಣಯಕಥೆಗೆ ಬೇಕಾದ ವೀರ, ಹಣ, ಕರುಣೆ ಮೂರೂ ಇಲ್ಲಿವೆ. ನೃತ್ಯಶಾಲೆಯೊಂದು ಮಾತ್ರ ಇಲ್ಲ. ಈ ಭಾಗವನ್ನು ಲೇವಡಿ ಮಾಡಿ ಬರೆದವರನ್ನು ನಾನು ಇನ್ನೂ ಓದಿಲ್ಲ.

ಕನ್ನಡದಲ್ಲಿ ಇಂಗ್ಲಿಷರ ಶಿಷ್ಟಾಚಾರದ ಕಥೆಗಳನ್ನು ಎತ್ತಿಕೊಂಡು ತಮ್ಮ ಜಾಯಮಾನಕ್ಕೆ ಒಗ್ಗಿಸಿದವರಿಲ್ಲವೆಂದಲ್ಲ. ಕೆರೂರು ವಾಸುದೇವಾಚಾರ್ಯರು (1866-1921) ಗೋಲ್ಡ್‌ಸ್ಮಿತ್ತನ 1773ರ ವಿನೋದ ನಾಟಕವನ್ನು ‘ವಶೀಕರಣ ಪ್ರಹಸನ’ವನ್ನಾಗಿ ಮಾಡಿ ಉತ್ತರ ಕರ್ನಾಟಕದ ಮಣ್ಣಿಗೆ ಇಳಿಸಿದರು. ದೊಡ್ಡಮನೆಯ ಹೆಣ್ಣಿನೆದುರು ನಾಲಿಗೆ ಹೊರಳದೆ, ಕೆಲಸದವಳೆಂದು ಬಗೆದವಳ ಮುಂದೆ ಮಾತ್ರ ರಸಿಕನಾಗುವ ಗಂಡಿನ ಗೇಲಿ ಅದರ ಮೂಲದಲ್ಲಿದೆ. ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ (1915) ಮುಮ್ಮಡಿ ಕೃಷ್ಣರಾಜರ ಕಾಲದ ಮೈಸೂರನ್ನು ಚಿತ್ರಿಸುವಾಗ ಅರಮನೆಯ ವೈಭವಕ್ಕಿಂತ ಊರವರ ಸಣ್ಣತನ, ಹುಸಿ ಪ್ರತಿಷ್ಠೆಗಳತ್ತ ಹೆಚ್ಚು ಆಸಕ್ತಿಯಿಂದ ನೋಡುತ್ತದೆ. ಕಾಲದ ದೃಷ್ಟಿಯಿಂದ ನಮ್ಮ ರೀಜೆನ್ಸಿ ಕಾದಂಬರಿ ಎನ್ನಬಹುದಾದ ಕೃತಿಯೊಂದಿದ್ದರೆ ಅದಿದೇ. ಅದು ಹುಟ್ಟುವಾಗಲೇ ನಗುವನ್ನು ಕಟ್ಟಿಕೊಂಡು ಹುಟ್ಟಿದೆ.

ಕಲಬುರಗಿಗೆ ಬಂದರೆ ಗೀತಾ ನಾಗಭೂಷಣ (1942-2020) ಅವರ ಹೆಸರನ್ನು ಹೇಳದೆ ಮುಂದುವರಿಯುವಂತಿಲ್ಲ. ಕಲಬುರಗಿ ತಾಲ್ಲೂಕಿನ ಸಾವಳಗಿಯಲ್ಲಿ ಜನಿಸಿದ ಅವರು ಜನಪ್ರಿಯ ಕಾದಂಬರಿಗಳ ಓಣಿಯಿಂದಲೇ ಬಂದವರು. ಪ್ರಣಯಕಥೆಯ ಅಚ್ಚನ್ನು ಅವರು ಲೇವಡಿಯಿಂದಲ್ಲ, ಅದರೊಳಗೆ ಎಂದೂ ಕಾಲಿಡದಿದ್ದ ಹೆಂಗಸರನ್ನು ಹೊಗಿಸುವುದರಿಂದ ಒಡೆದರು. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಬದುಕು’ವಿನ ಹೆಂಗಸರು ಈ ಸೀಮೆಯ ಮಾತನ್ನು ಅದರ ಬೈಗುಳ, ನಗೆಗಳ ಸಮೇತ ಆಡುತ್ತಾರೆ, ಅವರ ಬಾಳಿನಲ್ಲಿ ಒಲವು ಎಂದೂ ಹೊಟ್ಟೆಪಾಡಿನಿಂದ, ಜಾತಿಯಿಂದ ಬಿಡಿಸಿಕೊಂಡು ಬರುವುದಿಲ್ಲ. ಬೇಕರ್ ‘ಲಾಂಗ್‌ಬೋರ್ನ್’ನಲ್ಲಿ ಕೆಳಗಿನ ಕೋಣೆಯಿಂದ ಮೇಲಿನ ಮನೆಯನ್ನು ನೋಡುತ್ತಾರೆ. ಗೀತಾ ಅವರಿಗೆ ಮೇಲಿನ ಮನೆಯನ್ನು ನೋಡುವ ತುರ್ತೇ ಇಲ್ಲ. ಈ ವ್ಯತ್ಯಾಸವು ಸಂಶೋಧಕರು ಹಿಡಿದು ನೋಡಬೇಕಾದದ್ದು. ಲೇವಡಿಗಾರನು ಎಷ್ಟೇ ಉದ್ಧಟನಾದರೂ ಅರಮನೆಯ ಅಂಗಳ ಬಿಟ್ಟು ಕದಲಲಾರ. ನಗುವುದಕ್ಕಾದರೂ ಅವನಿಗೆ ಅರಮನೆ ಬೇಕು.

ಸುರಪುರದ ಪ್ರಸಂಗವನ್ನು ಕಡೆಗೆ ಇರಿಸಿಕೊಂಡೆ. ಫಿಲಿಪ್ ಮೆಡೋಸ್ ಟೇಲರ್ (1808-1876) ಹದಿನೈದರ ಹುಡುಗನಾಗಿ 1824ರಲ್ಲಿ ಮುಂಬಯಿಗೆ ಬಂದು ನಿಜಾಮನ ಸೈನ್ಯ ಸೇರಿದವನು. 1839ರಲ್ಲಿ ಠಗ್ಗನೊಬ್ಬನ ಆತ್ಮನಿವೇದನೆಯ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಪ್ರಸಿದ್ಧನಾದನು. ಸುರಪುರದ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡು, ಬಾಲಕ ವೆಂಕಟಪ್ಪ ನಾಯಕನ ಪರವಾಗಿ ತಾಯಿ ರಾಣಿ ಈಶ್ವರಮ್ಮನೋ ಚಿಕ್ಕಪ್ಪನೋ ಆಳಬೇಕೆಂಬ ಜಗಳವೆದ್ದಾಗ ಕಂಪನಿಯು ಟೇಲರನನ್ನು ಅಲ್ಲಿಗೆ ಕಳುಹಿಸಿತು. 1853ರವರೆಗೆ ಸಂಸ್ಥಾನದ ಆಡಳಿತದ ಸೂತ್ರ ಅವನ ಕೈಯಲ್ಲಿತ್ತು. ಬೆಟ್ಟದ ಮೇಲೆ ಅವನು ಕಟ್ಟಿಸಿದ ಮನೆಯನ್ನು ಜನರು ಟೇಲರ್ ಮಂಜಿಲ್ ಎಂದು ಕರೆದರು. ಬಾಲರಾಜನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ‘ಬ್ರಿಜರ್ಟನ್’ನ ‘ಅಪ್ಪಾ’ವನ್ನು ಕೇಳಿದಾಗಲೆಲ್ಲ ನನಗೆ ಈ ‘ಅಪ್ಪಾ’ ನೆನಪಾಗುತ್ತದೆ.

ಟೇಲರನ ‘ತಾರಾ’ದಲ್ಲಿ (1863) ಬ್ರಾಹ್ಮಣ ವಿಧವೆಯೊಬ್ಬಳು ಅಫಜಲ್ ಖಾನನ ಮಗನನ್ನು ಒಲಿದು ವರಿಸುತ್ತಾಳೆ. ‘ಸೀತಾ’ದಲ್ಲಿ (1872) ಹಿಂದೂ ವಿಧವೆಯೊಬ್ಬಳು ಬ್ರ್ಯಾಂಡನ್ ಎಂಬ ಇಂಗ್ಲಿಷ್ ಅಧಿಕಾರಿಯನ್ನು ಮದುವೆಯಾಗುತ್ತಾಳೆ. ಆಸ್ಟಿನ್ನರ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯಲ್ಲಿ ಇಂಡಿಯಾದಿಂದ ಮರಳಿದ ಕರ್ನಲ್‌ನ ಹೆಸರೂ ಬ್ರ್ಯಾಂಡನ್ ಎಂಬುದು ಆಕಸ್ಮಿಕವಿದ್ದೀತು. ಆ ಕಾಲಕ್ಕೆ ಇವು ಧೀರ ಕಥೆಗಳೇ. ಆದರೆ ಗಂಡನ ಪ್ರಾಣ ಉಳಿಸಲು ಹೋಗಿ ಸೀತಾ ಸಾಯುತ್ತಾಳೆ. ಬ್ರ್ಯಾಂಡನ್ ತರುವಾಯ ಇಂಗ್ಲಿಷ್ ಕನ್ಯೆಯ ಕೈಹಿಡಿಯುತ್ತಾನೆ. 2022ರಲ್ಲಿ ಕೇಟ್ ಶರ್ಮಾ ಸಾಯದೆ ವಿಸ್ಕೌಂಟನ ಪತ್ನಿಯಾಗಿ ಮನೆತನದ ಯಜಮಾನಿಯಾಗುತ್ತಾಳೆ. ನೂರೈವತ್ತು ವರ್ಷಗಳಲ್ಲಿ ಪ್ರಣಯಕಥೆಯು ನಡೆದ ದೂರ ಅಷ್ಟು.

‘ನನ್ನ ಜೀವನದ ಕಥೆ’ ಎಂಬ ಅವನ ಆತ್ಮಕಥನವು ಮರಣಾನಂತರ 1877ರಲ್ಲಿ ಪ್ರಕಟವಾಯಿತು. ಅದರಲ್ಲಿ ರಾಣಿ ಈಶ್ವರಮ್ಮನು ಹಟಮಾರಿ, ಕಾಮಿನಿ, ಕುಟಿಲೆ. ಅವಳ ಮಾತು ನಮಗೆ ದೊರೆಯುವುದು ಅವಳಿಂದ ಅಧಿಕಾರ ಕಿತ್ತುಕೊಂಡವನ ಬರವಣಿಗೆಯಿಂದಲೇ. ಒಂದು ಪ್ರಸಂಗವಂತೂ ಆಸ್ಟಿನ್ನರ ಕಪ್ಪು ಬೀರುವನ್ನೇ ನೆನಪಿಸುತ್ತದೆ. ತನ್ನ ಸಾವು ಸಮೀಪಿಸಿತೆಂದು ಭಾವಿಸಿದ ರಾಣಿಯು ಟೇಲರನನ್ನು ಕರೆಸಿ, ಮನೆತನದ ಗುಟ್ಟಿನ ಕಾಗದಪತ್ರಗಳೊಡನೆ ಇದ್ದ ಮಗನ ಜಾತಕವನ್ನು ತೋರಿಸಿದಳಂತೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವನಿಗೆ ಮರಣವೆಂದು ಅದರಲ್ಲಿತ್ತು. 1858ರ ಫೆಬ್ರವರಿಯಲ್ಲಿ ಸುರಪುರವು ಕಂಪನಿಯ ವಿರುದ್ಧ ಕಾದಿ ಸೋತಿತು. ಸೆರೆಸಿಕ್ಕ ವೆಂಕಟಪ್ಪ ನಾಯಕನು ಅದೇ ವರ್ಷ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ಬಲಿಯಾದನು. ಜಾತಕದ ಮಾತು ನಿಜವಾಯಿತೆಂದು ಟೇಲರ್ ಬರೆದುಕೊಳ್ಳುತ್ತಾನೆ. ಇಂಗ್ಲೆಂಡಿನ ಬೀರುವಿನಿಂದ ಅಗಸರ ಲೆಕ್ಕ ಹೊರಬಂದರೆ ಸುರಪುರದ ಕಡತದಿಂದ ವಿಧಿಲಿಖಿತವೇ ಹೊರಬರಬೇಕು. ವಸಾಹತಿನ ಪ್ರಣಯಕಥೆಗಾರನು ನಮ್ಮ ಮೇಲೆ ಹೊರಿಸಿದ ನಿಯಮವಿದು: ನಗು ಅವರದು, ಗೂಢ ನಮ್ಮದು. ಬಾಲಕನ ಗದ್ದುಗೆಯ ಲೆಕ್ಕವನ್ನು ಯಾರು ಬರೆದರು, ಹನ್ನೆರಡು ವರ್ಷ ತಾಯಿಯನ್ನು ಅಧಿಕಾರದಿಂದ ದೂರವಿಟ್ಟದ್ದಕ್ಕೆ ಯಾವ ಕಾರಣ ಕೊಟ್ಟರು, ಆ ಕಾಗದಪತ್ರಗಳ ರಾಶಿಯಲ್ಲಿ ಜಾತಕದ ಕೆಳಗೆ ಬೇರೆ ಏನೇನಿತ್ತು ಎಂಬುದನ್ನು ಟೇಲರ್ ತಿಳಿಸುವುದಿಲ್ಲ. ಅರಮನೆಯ ಬಟ್ಟೆಯ ಲೆಕ್ಕವೂ ಅದರಲ್ಲಿ ಇದ್ದಿರಬೇಕು.